ಕೀಮೋ ನಡದಾಗ ಜ್ವರ ಬಂದ್ರ ಬೆಳಗಾಗೋ ತನಕ ಕಾಯಬ್ಯಾಡ್ರಿ

ಸಿಂಧನೂರಿನ್ಯಾಗ ಆಶಾ ಕಾರ್ಯಕರ್ತೆಯರು, ಮೆಡಿಕಲ್ ಅಂಗಡಿಯವ್ರು, ಪೇಷಂಟ್ ಮನಿಯವ್ರ ಮುಂದ ಒಬ್ರು ಸ್ಟಾಫ್ ನರ್ಸ್ ಆಡಿದ ಮಾತು, ರೆಕಾರ್ಡಿಂಗ್ ಕೇಳಿ ಬರದದ್ದು.

ಇವತ್ತು ಜ್ವರದ ಬಗ್ಗೆ ಮಾತಾಡೋಣು. ಬ್ಲಡ್ ಕ್ಯಾನ್ಸರ್ ಪೇಷಂಟಿಗೆ ಕೀಮೋ ನಡದಾಗ ಬರ್ತಾವಲ್ಲ, ಆ ಜ್ವರ. ಇಲ್ಲಿ ಕುಂತೋರಾಗ ಕೆಲವ್ರ ಮನ್ಯಾಗ ಪೇಷಂಟ್ ಅದಾರ, ಆಶಾ ಅಕ್ಕಾರು ಅಂಥಾ ಮನಿಗೆ ಹೋಗಿ ಬರ್ತಾರ, ಮೆಡಿಕಲ್ ಅಣ್ಣಾರ ಹಂತ್ಯಾಕ ರಾತ್ರಿ ಷಟರ್ ಎಳಿಯೋ ಹೊತ್ತಿಗೆ ಯಾರೋ ಓಡಿ ಬಂದು "ಜ್ವರದ ಗುಳಿಗಿ ಕೊಡ್ರಿ" ಅಂತಾರ, ಅವ್ರ ಮನ್ಯಾಗೂ ಇಂಥಾ ಪೇಷಂಟ್ ಇರಬಹುದು. ಕೆಲವ್ರು ಬಸ್ಸಿಗೆ ಹೊತ್ತಾಗ್ತೈತಿ ಅಂತ ನಡುವ ಎದ್ದು ಹೋಗ್ತೀರಿ, ಅದಕ್ಕ ಮುಖ್ಯ ಮಾತು ಮೊದ್ಲಿಗೇ ಹೇಳಿಬಿಡ್ತೀನಿ. ಕೀಮೋ ಪೇಷಂಟಿಗೆ ಜ್ವರ ಬಂದ್ರ ಎದಿನೋವು ಬಂದಷ್ಟ ಅರ್ಜೆಂಟ್ ಅದು. ರಾತ್ರಿ ಬಂದ್ರ ರಾತ್ರಿನ ಹೊಂಡ್ಬೇಕು. ಆಸ್ಪತ್ರಿ ಬಾಗಲಾ ದಾಟಿದ ಒಂದು ತಾಸಿನ್ಯಾಗ ನರದೊಳಗ ಆಂಟಿಬಯೋಟಿಕ್ ಹೋಗಿರ್ಬೇಕು.

ನಾನು ಬ್ಲಡ್ ಕ್ಯಾನ್ಸರ್ ವಾರ್ಡಿನ್ಯಾಗ ಕೆಲಸ ಮಾಡೀನಿ. ಸಿಂಧನೂರು, ಮಾನ್ವಿ, ಮಸ್ಕಿ, ಗಂಗಾವತಿ, ಕಾರಟಗಿ, ನಮ್ಮ ಕಡಿ ಮಂದಿ ಭಾಳ ಬರ್ತಾರ ಅಲ್ಲಿಗೆ. ಮೊದಲ್ನೇ ತಿಂಗಳ ಕೀಮೋಕ್ಕ ಇಂಡಕ್ಷನ್ ಅಂತೀವಿ. ಆ ತಿಂಗಳಾಗ ನಾವು ಕಳಕೊಳ್ಳೋರಾಗ ಭಾಳ ಮಂದಿ ಸೋಂಕಿನಿಂದ ಹೋಗ್ತಾರ್ರಿ. ಔಷಧಕ್ಕ ಕ್ಯಾನ್ಸರ್ ಬಗ್ಗಾಕ ಹತ್ತಿರ್ತೈತಿ, ಬೋನ್ ಮ್ಯಾರೋ ಟೆಸ್ಟ್ ಮಾಡಿ ಚಲೋ ಸುದ್ದಿ ಹೇಳಾಕ ಇನ್ನೊಂದು ವಾರ ಇರ್ತೈತಿ, ಅಷ್ಟರಾಗ ಒಂದು ರಾತ್ರಿ ಜ್ವರ ಬರ್ತಾವ, ಮುಂಜಾನಿ ಬಿಪಿ ಸಿಗಂಗಿಲ್ಲ. ಮಕ್ಕಳಿಗೆ ಜಾಸ್ತಿ ಬರೋದು ಎಎಲ್‌ಎಲ್ ಅನ್ನೋ ಜಾತಿ, ಶ್ರೀಮಂತ ದೇಶಗಳಾಗ ಅದು ಬಂದ 100 ಮಕ್ಕಳಾಗ 85–90 ಮಕ್ಕಳು ಗುಣ ಆಗ್ತಾವ. ನಮ್ಮಲ್ಲಿ ಅಷ್ಟು ಆಗವಲ್ದು. ಅದಕ್ಕ ಒಂದು ದೊಡ್ಡ ಕಾರಣ ಈ ಸೋಂಕು, ಇನ್ನೊಂದು ಅರ್ಧಕ್ಕ ಕೀಮೋ ಬಿಟ್ಟು ಹೋಗೋದು. ಗುಣ ಆಗೋ ಕೂಸನ್ನ ಒಂದು ರಾತ್ರಿ ಜ್ವರಕ್ಕ ಕೊಡೋದು ಐತಲ್ಲ, ಅದನ್ನ ನೋಡಿ ನೋಡಿ ನಂಗ ತಡಕೊಳ್ಳಾಕ ಆಗವಲ್ದು, ಅದಕ್ಕ ಈ ಮಾತು ಆಡಾಕ ಊರೂರು ತಿರಗ್ತೀನಿ.

ಈಗ ಇದು ಯಾಕ ಹಿಂಗಾಗ್ತೈತಿ ಅಂತ ಸ್ವಲ್ಪ ನೋಡೋಣು. ಬಿಳಿ ರಕ್ತಕಣ ಅಂತ ಸಾಲ್ಯಾಗ ಕೇಳೀರಿ. ಆರೋಗ್ಯ ಇದ್ದೋರಾಗ ಒಂದು ಮೈಕ್ರೋಲೀಟರ್ ರಕ್ತದಾಗ 4,000ದಿಂದ 11,000 ಇರ್ತಾವ, ಒಂದು ಹನಿಗಿಂತ ಎಷ್ಟೋ ಸಣ್ಣ ಅಳತಿ ಅದು. ದೊಡ್ಡೋರಾಗ ಅದ್ರಾಗ ಅರ್ಧಕ್ಕಿಂತ ಜಾಸ್ತಿ ನ್ಯೂಟ್ರೋಫಿಲ್ ಅನ್ನೋವು. ಬ್ಯಾಕ್ಟೀರಿಯಾ ಆಗ್ಲಿ ಫಂಗಸ್ ಆಗ್ಲಿ ಒಳಗ ಬಂದ್ರ ಮೊದ್ಲು ಓಡಿ ಹೋಗಿ ನುಂಗೋವು ಅವ. ವಾರ್ಡಿನ್ಯಾಗ ಅಪ್ಪಂದಿರು ರಿಪೋರ್ಟ್ ಹಿಡಕೊಂಡು ಬಂದು ಕೇಳ್ತಾರ, "ಸಿಸ್ಟರ್, ನಮ್ಮ ಹುಡುಗಂದು ಕೌಂಟ್ 80 ಸಾವಿರ ಐತಲ್ರಿ, ಅಂದ್ರ ಶಕ್ತಿ ಭಾಳ ಇರ್ಬೇಕಲ್ಲ?" ಇಲ್ಲಣ್ಣಾ, ಆ 80 ಸಾವಿರದಾಗ ಹೆಚ್ಚಿನವು ಬ್ಲಾಸ್ಟ್ ಅಂದ್ರ ಇನ್ನೂ ಬಲಿಯದ ಕ್ಯಾನ್ಸರ್ ಕಣ, ಅವಕ್ಕ ಒಂದು ಕ್ರಿಮಿ ಹಿಡಿಯಾಕ ಬರಂಗಿಲ್ಲ. ಹಂಗಾಗಿ ಕೀಮೋ ಶುರು ಆಗೋಕ್ಕಿಂತ ಮೊದ್ಲ ಪೇಷಂಟ್ ಬಲ ಕಳಕೊಂಡಿರ್ತಾನ, ಕೀಮೋ ಕೊಟ್ಟ ಮ್ಯಾಲೆ ಉಳಿದಿದ್ದೂ ಹೋಗ್ತೈತಿ.

ರಿಪೋರ್ಟಿನ್ಯಾಗ ನೀವು ಹುಡುಕ್ಬೇಕಾಗಿದ್ದು ಎಎನ್‌ಸಿ ಅನ್ನೋದನ್ನ, ಅಂದ್ರ ನ್ಯೂಟ್ರೋಫಿಲ್ ಎಷ್ಟು ಅದಾವ ಅನ್ನೋ ಲೆಕ್ಕ. ಬರದಿರ್ಲಿಲ್ಲ ಅಂದ್ರ ನೀವ ಲೆಕ್ಕ ಹಾಕಬಹುದು, ಟೋಟಲ್ ಬಿಳಿಕಣದಾಗ ನ್ಯೂಟ್ರೋಫಿಲ್ ಶೇಕಡಾ ಎಷ್ಟು ಅಂತ. ಟೋಟಲ್ 1,200 ಐತಿ, ನ್ಯೂಟ್ರೋಫಿಲ್ 20 ಪರ್ಸೆಂಟ್ ಐತಿ ಅಂದ್ರ 240. 1,500ರ ಮ್ಯಾಲಿದ್ರ ಚಿಂತಿ ಕಮ್ಮಿ, 500ರ ಕೆಳಗ ಇಳಿದ್ರ ಅಪಾಯ, 100ರ ಕೆಳಗ ಇಳಿದ್ರ ಭಾಳ ಅಪಾಯ. ಇದು ಯಾರೋ ಕುಂತಲ್ಲೇ ಹೇಳಿದ ಲೆಕ್ಕ ಅಲ್ಲ. 1966ರಾಗ ಅಮೆರಿಕಾದ ಜೆರಾಲ್ಡ್ ಬೋಡಿ ಮತ್ತ ಅವ್ರ ಜೋಡಿ ಡಾಕ್ಟ್ರು ಅಕ್ಯೂಟ್ ಲುಕೇಮಿಯಾ ಅನ್ನೋ ಬ್ಲಡ್ ಕ್ಯಾನ್ಸರ್ ಪೇಷಂಟ್‌ಗಳನ್ನ ದಿನಾ ನೋಡಿ ಬರದಿಟ್ಟು ತೋರ್ಸಿದ್ರು, ಈ ಕಣ ಎಷ್ಟು ಕಮ್ಮಿ ಆಗ್ತಾವೋ ಅಷ್ಟು ಸೋಂಕು ಜಾಸ್ತಿ, ಎಷ್ಟು ದಿನ ಕಮ್ಮಿ ಇರ್ತಾವೋ ಅಷ್ಟು ಜಾಸ್ತಿ. ಇವತ್ತಿಗೂ ಎಲ್ಲಾ ವಾರ್ಡಿನ್ಯಾಗ ಅದ ಲೆಕ್ಕ ನಡೀತೈತಿ.

ಕೀಮೋ ಕೊಟ್ರ ಇವ ಯಾಕ ಮೊದ್ಲು ಬೀಳ್ತಾವ? ನಮ್ಮ ಕಡಿಯೋರಿಗೆ ಕಾಲುವಿ ಮಾತಿನ್ಯಾಗ ಹೇಳಿದ್ರ ಜಲ್ದಿ ತಿಳೀತೈತಿ. ತುಂಗಭದ್ರಾ ಡ್ಯಾಮಿನ್ಯಾಗ ಎಡದಂಡೆ ಕಾಲುವಿ ಗೇಟ್ ಇಳಿಸಿದ್ರ ಮ್ಯಾಲಿನ ಹೊಲದೋರಿಗೆ ಒಂದೆರಡು ದಿನ ಗೊತ್ತ ಆಗಂಗಿಲ್ಲ, ಟೇಲ್ ಎಂಡಿನ ಗದ್ದಿ ಮೊದ್ಲು ಬಿರೀತಾವ. ಎಲುಬಿನ ಒಳಗಿನ ಮ್ಯಾರೋ ಕಣ ಮಾಡೋದು ನಿಲ್ಲಿಸಿದ್ರ ಹಂಗ. ಕೆಂಪು ಕಣ ಸುಮಾರು 120 ದಿನ ಬಾಳ್ತಾವ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ 8–10 ದಿನ, ನ್ಯೂಟ್ರೋಫಿಲ್ ರಕ್ತದಾಗ ಒಂದು ದಿನ ಇದ್ರ ಹೆಚ್ಚು. ಮ್ಯಾರೋದಾಗ ಸ್ವಲ್ಪ ದಾಸ್ತಾನು ಇರ್ತೈತಿ, ಅದು ತೀರೋ ತನಕ ಅಷ್ಟ. ಹಂಗಾಗಿ ಭಾಳಷ್ಟು ಕೀಮೋದಾಗ ಏಳನೇ ದಿನದಿಂದ ಹದಿನಾಲ್ಕನೇ ದಿನದ ನಡುವ ಕೌಂಟ್ ತಳ ಮುಟ್ಟತೈತಿ, ಎಎಂಎಲ್ ಅನ್ನೋ ಇನ್ನೊಂದು ಜಾತಿ ಬ್ಲಡ್ ಕ್ಯಾನ್ಸರ್ ಪೇಷಂಟಿಗೆ ಕೊಡೋ ಗಟ್ಟಿ ಕೀಮೋದಾಗ ಎರಡು ಮೂರು ವಾರ, ಇನ್ನೂ ಜಾಸ್ತಿನೂ ತಳದಾಗ ಇರ್ತೈತಿ. ಈ ದಿನದ ಲೆಕ್ಕ ನೆನಪಿಡ್ರಿ, ಯಾಕಂದ್ರ ಕೀಮೋ ಮುಗಿಸಿ ಮನಿಗೆ ಬಂದ ದಿನ ಪೇಷಂಟ್ ಉಂಡು ತಿಂದು ಗಟ್ಟಿ ಕಾಣ್ತಾನ, ಮನಿಯವ್ರು ನಿರಾಳ ಆಗ್ತಾರ, ಅಪಾಯದ ದಿನ ಶುರು ಆಗೋದು ಅದ್ರ ಮುಂದಿನ ವಾರ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಬ್ರ ಹೆಸರು ಹೇಳ್ತೀನಿ. ಯೆಲ್ಲಾಪ್ರಗಡ ಸುಬ್ಬರಾವ್ ಅಂತ, 1895ರಾಗ ಆಂಧ್ರದ ಭೀಮವರಂದಾಗ ಹುಟ್ಟಿದೋರು. ನಮ್ಮ ಕ್ಯಾಂಪುಗಳಾಗ ಆ ಕಡಿಂದ ಬಂದು ನೆಲ್ಲು ಬೆಳಿಯೋ ಮಂದಿ ಎಷ್ಟು ಜನ ಅದಾರ, ಅವ್ರಿಗೂ ಈ ಹೆಸರು ಗೊತ್ತಿರಂಗಿಲ್ಲ. ಅಮೆರಿಕಾಕ್ಕ ಹೋಗಿ ಅಲ್ಲಿ ಔಷಧ ಕಂಪನಿ ಲ್ಯಾಬಿನ್ಯಾಗ ಅವ್ರು ಮತ್ತ ಅವ್ರ ತಂಡದೋರು ಫೋಲಿಕ್ ಆಸಿಡ್ ಕೆಲಸ ತಡಿಯೋ ಔಷಧ ಮಾಡಿದ್ರು. ಅದ್ರಾಗ ಒಂದನ್ನ, ಅಮಿನಾಪ್ಟೆರಿನ್ ಅನ್ನೋದನ್ನ, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟ್ರು ಬ್ಲಡ್ ಕ್ಯಾನ್ಸರ್ ಮಕ್ಕಳಿಗೆ ಕೊಟ್ಟು 1948ರಾಗ ಬರದ್ರು, 16 ಮಕ್ಕಳಾಗ 10 ಮಕ್ಕಳು ಸ್ವಲ್ಪ ದಿನಕ್ಕಾದ್ರೂ ಚೇತರಿಸಿಕೊಂಡ್ವು ಅಂತ. ಅಲ್ಲಿ ತನಕ ಈ ರೋಗಕ್ಕ ಮದ್ದ ಇರಲಿಲ್ಲ. ಸುಬ್ಬರಾವ್ ಅವ್ರು ಅದ ವರ್ಷ ತೀರಿಕೊಂಡ್ರು. ಅದ ಜಾತಿಯ ಮೆಥೋಟ್ರೆಕ್ಸೇಟ್ ಗುಳಿಗಿ ಇವತ್ತಿಗೂ ನಮ್ಮ ಎಎಲ್‌ಎಲ್ ಮಕ್ಕಳು ತಗೊಂತಾರ, ವಾರಕ್ಕ ಒಂದ ದಿನ. ದಿನಾ ಅಲ್ರಿ, ವಾರಕ್ಕ ಒಂದ ದಿನ, ಮೆಡಿಕಲ್ ಅಣ್ಣಾರು ಚೀಟಿ ಮ್ಯಾಲೆ ದೊಡ್ಡ ಅಕ್ಷರದಾಗ ವಾರದ ಹೆಸರು ಬರದು ಕೊಡ್ರಿ. ದಿನಾ ನುಂಗಿದ್ರ ಬಾಯಿ, ಕರುಳು, ಮ್ಯಾರೋ ಎಲ್ಲಾ ಸುಟ್ಟು ಹೋಗಿ ಜೀವಕ್ಕ ಬರ್ತೈತಿ.

ಬಾಯಿ, ಕರುಳು ಅಂದೆ. ಸೋಂಕು ಎಲ್ಲಿಂದ ಬರ್ತೈತಿ ಅಂತ ಕೇಳಿದ್ರ ಮಂದಿ ಹೊರಗಿಂದ ಅಂತಾರ. ಹೊರಗಿಂದೂ ಬರ್ತೈತಿ, ಆದ್ರ ಬ್ಯಾಕ್ಟೀರಿಯಾದ ಮಟ್ಟಿಗೆ ಹೆಚ್ಚು ಪಾಲು ಪೇಷಂಟ್‌ನ ಮೈಯೊಳಗಿನವ. ಕರುಳಿನ್ಯಾಗ ಇ.ಕೋಲೈ, ಕ್ಲೆಬ್ಸಿಯೆಲ್ಲಾ, ಚರ್ಮದ ಮ್ಯಾಲೆ ಸ್ಟ್ಯಾಫಿಲೋಕಾಕಸ್, ನಿಮ್ಮ ಮೈಯಾಗೂ ಅದಾವ ನನ್ನ ಮೈಯಾಗೂ ಅದಾವ. ಕೀಮೋ ಬಾಯಿ ಒಳಗಿನ ಪೊರಿ, ಕರುಳಿನ ಪೊರಿ ಹುಣ್ಣು ಮಾಡ್ತೈತಿ, ಅಲ್ಲಿಂದ ಇವ ರಕ್ತಕ್ಕ ಇಳೀತಾವ, ತಡಿಯೋ ನ್ಯೂಟ್ರೋಫಿಲ್ ಇರಂಗಿಲ್ಲ. ಅದಕ್ಕ ಬಾಯಿ ಭಾಳ ಜ್ವಾಕಿ ಮಾಡ್ಬೇಕು, ಮೆತ್ತನ ಬ್ರಷ್, ದಿನಕ್ಕ ನಾಕೈದು ಸಲ ಡಾಕ್ಟ್ರು ಹೇಳಿದ ಉಪ್ಪು-ಸೋಡಾ ನೀರಿನ್ಯಾಗ ಬಾಯಿ ಮುಕ್ಕಳಿಸೋದು. ಬೇವಿನ ಕಡ್ಡಿ ಈ ದಿನಗಳಾಗ ಬ್ಯಾಡ್ರಿ, ಒಸಡು ಗೀರ್ತೈತಿ.

ಇನ್ನೊಂದು ಜಾಗ ಐತಿ, ಅದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಸೂಜಿಯಿಂದ ಸಂಡಾಸ ಗಟ್ಟಿ ಆಗ್ತೈತಿ, ತಿಣಕಿದ್ರ ಹಿಂದಿನ ಜಾಗ ಹರೀತೈತಿ, ಅಲ್ಲಿಂದ ಸೋಂಕು. ದೊಡ್ಡ ಹುಡುಗಿ ಇದ್ರ ಅವ್ವಗೂ ಹೇಳಂಗಿಲ್ಲ, ಗಂಡಸು ಇದ್ರ ಹೆಂಡ್ತಿಗೂ ಹೇಳಂಗಿಲ್ಲ, ರೌಂಡ್ಸಿನ್ಯಾಗ ಹತ್ತು ಮಂದಿ ಡಾಕ್ಟ್ರ ಮುಂದ ಅಂತೂ ಇಲ್ಲೇ ಇಲ್ಲ. ನಾನು ಬೆಡ್‌ಶೀಟ್ ಬದಲ್ಸೋವಾಗ ಕಿವ್ಯಾಗ ಕೇಳ್ತೀನಿ, "ಕುಂದ್ರಾಕ ತ್ರಾಸ ಐತೇನು?" ಅಂತ, ಆಗ ಕಣ್ಣಾಗ ನೀರು ತಂದು ಹೂಂ ಅಂತಾರ. ಆಶಾ ಅಕ್ಕಾರ, ಮನಿಗೆ ಹೋದಾಗ ಇದನ್ನ ನೀವು ಕೇಳ್ರಿ, ನಿಮಗ ಹೇಳ್ತಾರ. ಸಂಡಾಸ ಮೆತ್ತಗ ಮಾಡೋ ಔಷಧ ಐತಿ, ಡಾಕ್ಟ್ರು ಬರದು ಕೊಡ್ತಾರ. ಆದ್ರ ಎನಿಮಾ, ಹಿಂದಿಂದ ಇಡೋ ಗುಳಿಗಿ, ಹಿಂದಿಂದ ಥರ್ಮಾಮೀಟರ್ ಇಡೋದು ಯಾವ್ದೂ ಬ್ಯಾಡ.

ಈಗ ಕೀವಿನ ಮಾತು. ಗಾಯ ಆದ್ರ ಕೀವು ಬರ್ತೈತಿ, ಬಾವು ಬರ್ತೈತಿ, ಕೆಂಪಾಗ್ತೈತಿ, ಅದನ್ನ ನೋಡಿ ಸೋಂಕು ಅಂತ ನಾವು ಗುರ್ತು ಹಿಡೀತೀವಿ. ಕೀವಿನ್ಯಾಗ ಹೆಚ್ಚಿಗಿ ಇರೋದು ಏನು? ಸತ್ತ ನ್ಯೂಟ್ರೋಫಿಲ್. ಅವ ಇಲ್ಲ ಅಂದ ಮ್ಯಾಲೆ ಕೀವು ಎಲ್ಲಿಂದ ಬರ್ಬೇಕು? ಹಂಗಾಗಿ ಈ ಪೇಷಂಟಿಗೆ ನ್ಯುಮೋನಿಯಾ ಆದ್ರೂ ಮೊದ್ಲು ಎಕ್ಸರೇ ಸ್ವಚ್ಛ ಬರಬಹುದು, ಕಫ ಬರದಿರಬಹುದು, ಸೂಜಿ ಹಾಕಿದ ಜಾಗದಾಗ ಬರೀ ನೋವು ಇದ್ದು ಮ್ಯಾಲೆ ಏನೂ ಕಾಣದಿರಬಹುದು. ಎಷ್ಟೋ ಸಲ ಜ್ವರ ಒಂದ ಸುಳಿವು. ಆ ಒಂದ ಸುಳಿವನ್ನೂ ನಾವು ಗುಳಿಗಿ ಕೊಟ್ಟು ಅಳಿಸಿಬಿಟ್ರ ಡಾಕ್ಟ್ರಿಗೆ ಏನೂ ಉಳಿಯಂಗಿಲ್ಲ. ಎಎಲ್‌ಎಲ್ ಕೀಮೋದಾಗ ಸ್ಟಿರಾಯ್ಡ್ ಇರ್ತೈತಿ, ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಅದು ತಾನ ಜ್ವರ ತಡೀತೈತಿ. ಅದಕ್ಕ ಜ್ವರ ಇಲ್ಲದಿದ್ರೂ ನಡುಕ ಬಂದ್ರ, ಉಸಿರು ಜೋರಾದ್ರ, ಕಣ್ಣು ಕತ್ಲಿ ಬಂದ್ರ, ಮೂತ್ರ ಕಮ್ಮಿ ಆದ್ರ, ಮಾತು ತಡಬಡ ಆದ್ರ, ಅದನ್ನೂ ಜ್ವರ ಅಂತನ ತಿಳ್ಕೊಳ್ರಿ.

ಎಷ್ಟು ಜ್ವರ ಅಂದ್ರ ಜ್ವರ? ಫ್ಯಾರನ್‌ಹೀಟಿನ್ಯಾಗ ಒಂದ ಸಲಕ್ಕ 101 ಬಂದ್ರ, ಇಲ್ಲಾ 100.4 ಬಂದು ಒಂದು ತಾಸು ಹಂಗ ನಿಂತ್ರ. ಸೆಲ್ಸಿಯಸ್ ಆದ್ರ 38.3 ಮತ್ತ 38. ಕೆಲವು ಆಸ್ಪತ್ರಿಯೋರು 100.4 ಒಮ್ಮೆ ಬಂದ್ರೂ ಬಾ ಅಂತಾರ, ನಿಮ್ಮ ಡಾಕ್ಟ್ರು ಹೇಳಿದ್ದ ಕೇಳ್ರಿ. ಬಾಯಾಗ ಇಟ್ಟು ನೋಡ್ರಿ, ಚಾ ಕುಡದ ಕೂಡ್ಲೇ ಅಲ್ಲ. ಬಗಲಾಗ ಇಟ್ರ ಸ್ವಲ್ಪ ಕಮ್ಮಿ ತೋರಿಸ್ತೈತಿ, ಡಾಕ್ಟ್ರಿಗೆ ಹೇಳೋವಾಗ ಬಗಲಾಗ ನೋಡಿದ್ದು ಅಂತ ಹೇಳ್ರಿ. ಹಣಿ ಮುಟ್ಟಿ ನೋಡೋದು ಸಾಲಂಗಿಲ್ಲ, ನಮ್ಮ ಬ್ಯಾಸಗಿ 42 ಡಿಗ್ರಿದಾಗ ಎಲ್ಲಾರ ಹಣಿನೂ ಸುಡ್ತಾವ. ಪೇಷಂಟ್ ಇರೋ ಮನ್ಯಾಗ ಒಂದು ಡಿಜಿಟಲ್ ಥರ್ಮಾಮೀಟರ್ ಇರಾಕ ಬೇಕು.

ಇನ್ನ ಒಂದು ತಾಸಿನ ಮಾತು. ಮೊದ್ಲು ಹಿಂಗ ಇರಲಿಲ್ಲ. ಜ್ವರ ಬಂದ್ರ ರಕ್ತ ಕಲ್ಚರಿಗೆ ಹಾಕಿ ಯಾವ ಕ್ರಿಮಿ ಅಂತ ರಿಪೋರ್ಟ್ ಬಂದ ಮ್ಯಾಲೆ ಔಷಧ ಅಂತಿದ್ರು, ರಿಪೋರ್ಟ್ ಬರೋದ್ರಾಗ ಎಷ್ಟೋ ಪೇಷಂಟ್ ಹೋಗಿಬಿಡ್ತಿದ್ರು, ಸೂಡೋಮೋನಾಸ್ ಅನ್ನೋ ಕ್ರಿಮಿ ಅಂತೂ ದಿನ ಕೊಡ್ತಿರಲಿಲ್ಲ. 1971ರಾಗ ಅಮೆರಿಕಾದ ಬಾಲ್ಟಿಮೋರಿನ ಶಿಂಫ್ ಅನ್ನೋ ಡಾಕ್ಟ್ರು ಮತ್ತ ಅವ್ರ ಜೋಡಿಯೋರು ರಿಪೋರ್ಟಿಗೆ ಕಾಯದ, ಜ್ವರ ಬಂದ ಕೂಡ್ಲೇ ಕಾರ್ಬೆನಿಸಿಲಿನ್, ಜೆಂಟಾಮೈಸಿನ್ ಎರಡೂ ಶುರು ಮಾಡಿ ನೋಡಿದ್ರು, ಮಂದಿ ಉಳದ್ರು. ಅವತ್ತಿನಿಂದ ಇದ ಪದ್ಧತಿ. ಈಗ ಔಷಧದ ಹೆಸರು ಬ್ಯಾರೆ ಆಗ್ಯಾವ, ಪೈಪರಾಸಿಲಿನ್-ಟ್ಯಾಝೋಬ್ಯಾಕ್ಟಮ್, ಸೆಫೆಪೈಮ್, ಭಾಳ ಸೀರಿಯಸ್ ಇದ್ರ ಮೆರೋಪೆನೆಮ್. ಕಲ್ಚರಿಗೆ ರಕ್ತ ತಗೊಂತಾರ, ಆದ್ರ ಕಲ್ಚರ್ ಬಾಟ್ಲಿ ಇಲ್ಲ ಅಂತ ಔಷಧ ತಡ ಮಾಡಬಾರ್ದು.

ಇಲ್ಲೇ ನಮ್ಮ ಕಡಿಯೋರ ಕಷ್ಟ ಶುರು. ಕೀಮೋ ತಗೊಂಡಿದ್ದು ಬೆಂಗಳೂರಿನ ಕಿದ್ವಾಯಿದಾಗ, ಇಲ್ಲಾ ಹುಬ್ಬಳ್ಳ್ಯಾಗ, ಇಲ್ಲಾ ಹೈದರಾಬಾದಿನ್ಯಾಗ, ಜ್ವರ ಬಂದಿದ್ದು ತುರ್ವಿಹಾಳದಾಗ. ಮನಿಯವ್ರು ಏನ್ ಮಾಡ್ತಾರ, ನಮ್ಮ ಡಾಕ್ಟ್ರ ಕಡೀನ ಹೋಗೋಣು ಅಂತ ಗುಳಿಗಿ ಕೊಟ್ಟು ರಾತ್ರಿ ಬಸ್ ಹತ್ತಿಸ್ತಾರ. ಬೆಂಗಳೂರು ಇಡೀ ರಾತ್ರಿ ದಾರಿ. ಮಸ್ಕಿ ಕಡಿ ಒಬ್ಬ ತರುಣ ಹಂಗ ಬಂದ, ಎಎಂಎಲ್ ಇತ್ತು, ಕೀಮೋ ಆಗಿ ಎರಡನೇ ವಾರ, ಸಂಜಿಕಿ ನಡುಕ ಬಂದಿತ್ತು, ಬಸ್ಸಿನ್ಯಾಗ ಗುಳಿಗಿ ಮ್ಯಾಲೆ ಗುಳಿಗಿ ಕೊಟ್ಟು ಕರಕೊಂಡು ಬಂದಿದ್ರು, ಮುಂಜಾನಿ ವಾರ್ಡಿಗೆ ಬಂದಾಗ ಕೈ ಕಾಲು ತಣ್ಣಗ, ಬಿಪಿ 60. ಐಸಿಯುದಾಗ ಇಟ್ರೂ ಉಳಿಲಿಲ್ಲ. ಅವ್ರ ಅಣ್ಣ ಕಡೀಕ ಕೇಳಿದ್ದು ಒಂದ ಮಾತು, "ಅಲ್ಲೇ ಸಮೀಪದಾಗ ತೋರಿಸ್ಬೇಕಿತ್ತೇನ್ರಿ ಸಿಸ್ಟರ್?" ಕಾರಟಗಿ ಕಡಿ ಇನ್ನೊಂದು ಹುಡುಗಿ, ಆಕಿ ಅವ್ವ ಓದಿದಾಕಿ ಅಲ್ಲ, ಆದ್ರ ನಾವು ಕೊಟ್ಟ ಚೀಟಿ ಪ್ಲಾಸ್ಟಿಕ್ ಕವರಿನ್ಯಾಗ ಹಾಕಿ ಸೀರಿ ಸೆರಗಿನ್ಯಾಗ ಕಟ್ಟಿಕೊಂಡಿದ್ಲು, ಜ್ವರ ಬಂದ ರಾತ್ರಿ ಸಮೀಪದ ಆಸ್ಪತ್ರಿಗೆ ಹೋಗಿ ಡ್ಯೂಟಿ ಡಾಕ್ಟ್ರ ಮುಂದ ಚೀಟಿ ಇಟ್ಲು, ಅವ್ರು ನಮಗ ಫೋನ್ ಮಾಡಿದ್ರು, ಅಲ್ಲೇ ಮೊದಲ್ನೇ ಡೋಸ್ ಹೋತು, ಆಮ್ಯಾಲೆ ಆಂಬುಲೆನ್ಸಿನ್ಯಾಗ ಕಳಿಸಿದ್ರು. ಹುಡುಗಿ ಈಗ ಸಾಲಿಗೆ ಹೊಂಟಾಳ.

ಹಂಗಾಗಿ ಮೊದಲ್ನೇ ಡೋಸ್ ಸಮೀಪದಾಗ, ದೊಡ್ಡ ಆಸ್ಪತ್ರಿ ಆಮ್ಯಾಲೆ. ತಾಲೂಕು ಆಸ್ಪತ್ರಿ ಇರ್ಲಿ, ರಾಯಚೂರಿನ ರಿಮ್ಸ್ ಇರ್ಲಿ, ಕೊಪ್ಪಳ, ಬಳ್ಳಾರಿ ಮೆಡಿಕಲ್ ಕಾಲೇಜ್ ಇರ್ಲಿ, ನರಕ್ಕ ಆಂಟಿಬಯೋಟಿಕ್ ಕೊಡೋ ಸಮೀಪದ ಜಾಗ ಯಾವ್ದು ಅಂತ ಜ್ವರ ಬರೋಕ್ಕಿಂತ ಮೊದ್ಲ ನೋಡಿ ಇಟ್ಕೊಳ್ರಿ, ಹೋಗಿ ಒಮ್ಮೆ ಮಾತಾಡ್ಸಿ ಬರ್ರಿ. 108ಕ್ಕ ಫೋನ್ ಮಾಡ್ರಿ. ನಿಮ್ಮ ಕೀಮೋ ಡಾಕ್ಟ್ರ ಕಡಿಂದ ಒಂದು ಚೀಟಿ ಬರಸ್ಕೊಳ್ರಿ, ಯಾವ ಬ್ಲಡ್ ಕ್ಯಾನ್ಸರ್, ಕೊನೀ ಕೀಮೋ ಯಾವ ತಾರೀಖು, ಕೊನೀ ಕೌಂಟ್ ಎಷ್ಟು, ಯಾವ ಔಷಧ ಒಗ್ಗಂಗಿಲ್ಲ, ಜ್ವರ ಬಂದ್ರ ಯಾವ ಆಂಟಿಬಯೋಟಿಕ್ ಎಷ್ಟು ಡೋಸ್, ವಾರ್ಡಿನ ಫೋನ್ ನಂಬರ್. ಕ್ಯಾಶುವಾಲಿಟಿಗೆ ಹೋದ ಕೂಡ್ಲೇ "ಜ್ವರ ಬಂದಾವ್ರಿ" ಅಂತ ಹೇಳಿದ್ರ ಲೈನಿನ್ಯಾಗ ಕುಂದ್ರಸ್ತಾರ. "ಕೀಮೋ ಪೇಷಂಟ್, ಕೌಂಟ್ ಇಲ್ಲ, ಜ್ವರ ಬಂದಾವ" ಅಂತ ಮೂರೂ ಕೂಡ್ಸಿ ಹೇಳ್ರಿ. ಜ್ವರ ಬಂದೋರು ತುಂಬಿದ ಸಾಲಿನ್ಯಾಗ ಈ ಪೇಷಂಟನ್ನ ಕೂಡ್ಸಬಾರ್ದು, ಮಾಸ್ಕ್ ಹಾಕ್ಸಿ ಬ್ಯಾರೆ ಕಡಿ ಕುಂದ್ರಸ್ರಿ ಅಂತ ಕೇಳ್ರಿ, ಕೇಳಾಕ ಸಂಕೋಚ ಬ್ಯಾಡ. ರಾತ್ರಿ ರೊಕ್ಕದ ಚಿಂತಿಗೂ ಮಂದಿ ತಡ ಮಾಡ್ತಾರ, ಬಿಪಿಎಲ್ ಮನಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಐತಿ, ಆ ಕಾರ್ಡೂ ಚೀಟಿ ಜೋಡಿನ ಇರ್ಲಿ.

ಊರಾಗಿನ ಆರ್‌ಎಂಪಿ ಡಾಕ್ಟ್ರ ಬಗ್ಗೆ ಹೇಳ್ತೀನಿ, ಅವ್ರ ಮ್ಯಾಲೆ ನಂಗ ಸಿಟ್ಟಿಲ್ಲ, ಮಧ್ಯರಾತ್ರಿ ಬಾಗಲಾ ತಗಿಯೋರು ಅವ್ರ. ಆದ್ರ ಈ ಪೇಷಂಟಿಗೆ ಕುಂಡಿಗೆ ಸೂಜಿ ಬ್ಯಾಡ. ಪ್ಲೇಟ್‌ಲೆಟ್ ಕಮ್ಮಿ ಇರ್ತಾವ, ಒಳಗ ರಕ್ತ ಕಟ್ಟಿ ಗಡ್ಡಿ ಆಗ್ತೈತಿ, ಅಲ್ಲೇ ಸೋಂಕು ಹಿಡೀತೈತಿ. ಡೈಕ್ಲೋ, ಬ್ರುಫೆನ್ ಅನ್ನೋ ನೋವಿನ ಔಷಧ ಪ್ಲೇಟ್‌ಲೆಟ್ ಕೆಲಸ ಕೆಡಸ್ತಾವ. ಮೆಡಿಕಲ್ ಅಣ್ಣಾರ, ರಾತ್ರಿ ಜ್ವರದ ಗುಳಿಗಿ ಕೇಳಿದೋರಿಗೆ ಒಂದ ಪ್ರಶ್ನಿ ಹಾಕ್ರಿ, "ಮನ್ಯಾಗ ಯಾರಿಗಾದ್ರೂ ಕೀಮೋ ನಡದೈತೇನು?" ಹೂಂ ಅಂದ್ರ ಡೋಲೋ ಕೊಟ್ಟು ಕಳಿಸ್ಬ್ಯಾಡ್ರಿ, ಆಸ್ಪತ್ರಿಗೆ ಕಳಸ್ರಿ. ನೀವು ಕೇಳೋ ಆ ಒಂದು ಪ್ರಶ್ನಿ ನಮ್ಮ ವಾರ್ಡಿನ ಅರ್ಧ ಕೆಲಸ ಮಾಡ್ತೈತಿ.

ಈಗ ಹೊರಗಿನ ಸೋಂಕು, ಅದ್ರಾಗ ಮುಖ್ಯ ಫಂಗಸ್. ಆಸ್ಪರ್ಜಿಲಸ್ ಅಂತ ಒಂದು ಜಾತಿ, ಅದ್ರ ಬೀಜ ಗಾಳ್ಯಾಗ ಎಲ್ಲಾ ಕಡಿ ಇರ್ತಾವ, ನಾವು ದಿನಾ ಉಸಿರಾಡ್ತೀವಿ, ಏನೂ ಆಗಂಗಿಲ್ಲ. ಹತ್ತು ದಿನಕ್ಕಿಂತ ಜಾಸ್ತಿ ಕೌಂಟ್ ಇಲ್ಲದೋರ ಪುಪ್ಪುಸದಾಗ ಅದು ಬೇರು ಬಿಡ್ತೈತಿ. ಎಲ್ಲಿ ಜಾಸ್ತಿ ಅಂದ್ರ ಕೊಳೆಯೋ ಹುಲ್ಲು, ಧೂಳು, ಒಡದ ಗ್ವಾಡಿ, ಗೊಬ್ಬರ. ನಮ್ಮ ತಾಲೂಕಿನ್ಯಾಗ ನೆಲ್ಲು ಕೊಯ್ಯೋ ದಿನ ನೆನಸ್ಕೊಳ್ರಿ, ನವೆಂಬರ್ ಡಿಸೆಂಬರಿಗೆ ಒಮ್ಮೆ, ಬ್ಯಾಸಗಿ ಬೆಳಿ ಇದ್ರ ಏಪ್ರಿಲಿಗೆ ಇನ್ನೊಮ್ಮೆ, ರಸ್ತಿ ಮ್ಯಾಲೆಲ್ಲಾ ನೆಲ್ಲು ಹರವಿರ್ತಾರ, ಕೊಯ್ಯೋ ಮಷೀನ್ ಹೊಂಟ್ರ ಧೂಳಿನ್ಯಾಗ ಮುಂದಿನ ಮನಿ ಕಾಣಂಗಿಲ್ಲ, ರೈಸ್ ಮಿಲ್ಲಿನ ಹೊಟ್ಟು ಬ್ಯಾರೆ. ಆ ದಿನಗಳಾಗ ಕೌಂಟ್ ಇಲ್ಲದ ಪೇಷಂಟ್ ಹೊರಗ ಹೊಂಡಬಾರ್ದು, ಆಸ್ಪತ್ರಿಗೆ ಹೊಂಟ್ರ ಎನ್95 ಮಾಸ್ಕ್ ಹಾಕ್ಕೊಂಡು, ಗಾಡಿ ಕಿಟಕಿ ಏರಿಸ್ಕೊಂಡು. ಬಣವಿ ಸಮೀಪ ಆಡಬಾರ್ದು, ದನದ ಕೊಟ್ಟಿಗಿ ಬ್ಯಾಡ, ಅವ್ರು ಮಲಗೋ ಖೋಲಿಗೆ ಸಗಣಿ ಸಾರಿಸೋದು ಸ್ವಲ್ಪ ದಿನ ಬಿಡ್ರಿ, ಬಟ್ಟಿ ಹಸಿ ಮಾಡಿ ಒರಸ್ರಿ, ಕಸ ಗುಡಿಸೋವಾಗ ಪೇಷಂಟ್ ಬ್ಯಾರೆ ಖೋಲ್ಯಾಗ ಇರ್ಲಿ.

ಮತ್ತ ಒಂದು ಪ್ರೀತಿಯಿಂದ ಮಾಡೋ ಕೆಲಸ ಐತಿ. ಪೇಷಂಟ್ ಮನಿಗೆ ಬರ್ತಾನ ಅಂತ ಗ್ವಾಡಿ ಕೆರದು ಸುಣ್ಣ ಹಚ್ಚಿಸ್ತಾರ, ಹೊಸಾ ಸಂಡಾಸ ಕಟ್ಟಿಸ್ತಾರ, ನಾನು ಕಣ್ಣಾರೆ ನೋಡೀನಿ, ಸಾಲ ಮಾಡಿ ಖೋಲಿ ಕಟ್ಟಿಸ್ಯಾರ, ಸಿಮೆಂಟ್ ಕೆಲಸ ನಡದಾಗ ಕೂಸು ಅದ ಮನ್ಯಾಗ ಐತಿ. ಕಟ್ಟೋ ಕೆಲಸದ ಧೂಳಿನಿಂದ ಆಸ್ಪರ್ಜಿಲಸ್ ಏಳ್ತೈತಿ, ದೊಡ್ಡ ಆಸ್ಪತ್ರಿಗಳಾಗ ಬಾಜೂಕ ಬಿಲ್ಡಿಂಗ್ ಕೆಲಸ ನಡದ್ರೂ ಈ ವಾರ್ಡುಗಳಿಗೆ ಆತಂಕ ಆಗ್ತೈತಿ. ಮಾಡ್ಸೋದಿದ್ರ ಮೊದ್ಲ ಮಾಡಿಸಿ, ಧೂಳು ತೊಳದು ಒಣಗಿಸಿ ಇಡ್ರಿ, ಇಲ್ಲಾ ಕೀಮೋ ಮುಗದ ಮ್ಯಾಲೆ ಮಾಡಸ್ರಿ. ಬ್ಲ್ಯಾಕ್ ಫಂಗಸ್ ಅಂತ 2021ರಾಗ ಎಲ್ಲಾರೂ ಕೇಳೀರಿ, ಅದೂ ಇವ್ರಿಗೆ ಬರ್ತೈತಿ. ಮುಖದ ಒಂದು ಕಡಿ ನೋವು ಬಾವು, ಮೂಗಿನಿಂದ ಕರಿ ನೀರು, ಕಣ್ಣು ಊದೋದು, ಒಣ ಕೆಮ್ಮು, ಉಸಿರು ಎಳದ್ರ ಎದಿ ಚುಚ್ಚೋದು, ಕಫದಾಗ ರಕ್ತ, ಇವ ಬಂದ್ರ ಅವತ್ತ ಹೊಂಡ್ರಿ.

ಕೈಯಾಗ ಪಿಕ್ ಲೈನ್ ಇಲ್ಲಾ ಎದಿ ಮ್ಯಾಲೆ ಪೋರ್ಟ್ ಇದ್ರ, ಅದು ನೇರ ರಕ್ತಕ್ಕ ಹೋಗೋ ಪೈಪ್ ಅಂತ ತಿಳೀರಿ. ಅರಿಷಿಣ, ವಿಭೂತಿ, ಯಾವ ತಪ್ಪಲ ರಸನೂ ಅದ್ರ ಮ್ಯಾಲೆ ಬ್ಯಾಡ. ತಾಯತ ಇನ್ನೊಂದು ಕೈಗೆ ಕಟ್ರಿ. ಲೈನ್ ತೊಳದ ಮ್ಯಾಲೆ ಅರ್ಧ ತಾಸಿನ್ಯಾಗ ನಡುಕ ಬಂದ್ರ ಲೈನಿನ್ಯಾಗ ಸೋಂಕು ಇರಬಹುದು, ಫೋನ್ ಮಾಡ್ರಿ.

ಮಾತಾಡ್ಸಾಕ ಬರೋದರ ಬಗ್ಗೆ ಹೇಳಾಕ ನಂಗ ಕಷ್ಟ, ಯಾಕಂದ್ರ ನಮ್ಮ ಕಡಿ ಮಂದಿಯ ದೊಡ್ಡ ಗುಣ ಅದು. ಒಬ್ರಿಗೆ ಹುಷಾರಿಲ್ಲ ಅಂದ್ರ ಇಡೀ ಓಣಿ ಬರ್ತೈತಿ, ಬೀಗರು ಟಂಟಂ ಮಾಡ್ಕೊಂಡು ಬರ್ತಾರ, ಕೂಸಿನ ಗಲ್ಲ ಹಿಡದು ಅಳ್ತಾರ, ಜೋಡಿ ಮೂಗು ಸೋರೋ ಸಣ್ಣ ಹುಡುಗ್ರು. ಬರಬ್ಯಾಡ್ರಿ ಅಂದ್ರ ಸೊಸಿ ಮ್ಯಾಲೆ ಮಾತು ಬರ್ತೈತಿ, "ನಾವು ಬಂದ್ರ ಆಕಿಗೆ ಸೇರಂಗಿಲ್ಲ" ಅಂತ. ಆ ತಾಯಿ ಎಷ್ಟು ಮಂದಿ ಜೋಡಿ ಜಗಳ ಮಾಡ್ಬೇಕು? ಆಶಾ ಅಕ್ಕಾರ, ಈ ಮಾತು ಆಕಿ ಬಾಯಾಗಿಂದ ಬರೋದು ಬ್ಯಾಡ, ನಿಮ್ಮ ಬಾಯಾಗಿಂದ ಬರ್ಲಿ, ಡಾಕ್ಟ್ರು ಹೇಳ್ಯಾರ ಅಂತ ಹೇಳ್ರಿ. ಹಿರ್ಯಾರು ಬಂದ್ರ ಕಟ್ಟಿ ಮ್ಯಾಲೆ ಕುಂತು ಬಾಗಲಾಗಿಂದ ಮಾತಾಡ್ಲಿ, ದೂರದೋರು ವಿಡಿಯೋ ಕಾಲ್ ಮಾಡ್ಲಿ. ಹಣ್ಣು ತರೋ ರೊಕ್ಕ ಗಾಡಿ ಡೀಸೆಲ್ಲಿಗೆ ಕೊಡ್ಲಿ, ಊರಿನ ಗೆಳ್ಯಾರು ಪ್ಲೇಟ್‌ಲೆಟ್ ಕೊಡಾಕ ಹೆಸರು ಬರಸ್ಲಿ, ಅದು ಈ ಪೇಷಂಟಿಗೆ ಸೇಬು ಹಣ್ಣಿಗಿಂತ ಜಾಸ್ತಿ ಬೇಕಾಗ್ತೈತಿ. ಆದ್ರ ಇದರ ಅರ್ಥ ಕೂಸನ್ನ ಮೂಲ್ಯಾಗ ಕೂಡ್ಸಿ ಯಾರೂ ಮುಟ್ಟದಂಗ ಇರೋದಲ್ಲ. ಬ್ಲಡ್ ಕ್ಯಾನ್ಸರ್ ಅಂಟೋ ರೋಗ ಅಲ್ರಿ. ಅವ್ವ ಅಪ್ಪ ಸೋಪಿನಿಂದ ಕೈ ತೊಳ್ಕೊಂಡು ಅಪ್ಪಿಕೊಳ್ರಿ, ಮುತ್ತು ಕೊಡ್ರಿ, ಜೋಡಿ ಮಲಗ್ರಿ.

ಮನ್ಯಾಗ ಓಣ್ಯಾಗ ಯಾರಿಗಾದ್ರೂ ಅಮ್ಮ ಬಂದ್ರ, ಅಂದ್ರ ಚಿಕನ್‌ಪಾಕ್ಸ್, ಅವತ್ತ ಡಾಕ್ಟ್ರಿಗೆ ಫೋನ್ ಮಾಡ್ರಿ. ದೇವ್ರಿಗೆ ನಡಕೊಳ್ರಿ, ಬೇವಿನ ತಪ್ಪಲ ಕಟ್ರಿ, ನಂಗ ಅದ್ರ ಬಗ್ಗೆ ಏನೂ ಮಾತಿಲ್ಲ. ಆದ್ರ ಗುಳ್ಳಿ ಏಳೋಕ್ಕಿಂತ ಒಂದೆರಡು ದಿನ ಮೊದ್ಲ ಅದು ಅಂಟ್ತೈತಿ, ಕೀಮೋ ನಡದ ಕೂಸಿಗೆ ಅದು ಪುಪ್ಪುಸಕ್ಕ, ಲಿವರಿಗೆ ಹೋಗಿ ಜೀವ ತಗೀತೈತಿ. ಸಮೀಪ ಕುಂತಿದ್ದ ಅಂತ ಗೊತ್ತಾದ ಕೂಡ್ಲೇ ಹೇಳಿದ್ರ ತಡಿಯಾಕ ಔಷಧ ಅದಾವ, ಗುಳ್ಳಿ ಎದ್ದ ಮ್ಯಾಲೆ ಕೆಲಸ ಕಷ್ಟ.

ಸೆಪ್ಟ್ರಾನ್ ಗುಳಿಗಿ ಅಂತ ವಾರದಾಗ ಎರಡು ಮೂರು ದಿನ ಕೊಟ್ಟಿರ್ತಾರ ಎಎಲ್‌ಎಲ್ ಮಕ್ಕಳಿಗೆ, ನ್ಯುಮೋಸಿಸ್ಟಿಸ್ ಅನ್ನೋ ನ್ಯುಮೋನಿಯಾ ತಡಿಯಾಕ. ಸಸ್ತಾ ಗುಳಿಗಿ, ಹಂಗಾಗಿ ಮಂದಿ ಇದೇನು ಮಹಾ ಅಂತ ಬಿಡ್ತಾರ. ಕೀಮೋ ಮುಗಿಯೋ ತನಕ, ಡಾಕ್ಟ್ರು ಸಾಕು ಅನ್ನೋ ತನಕ ಬಿಡಬ್ಯಾಡ್ರಿ.

ಊಟದ ಬಗ್ಗೆ ಎಲ್ಲಾ ಊರಾಗೂ ಜಾಸ್ತಿ ಕೇಳ್ತಾರ, ನಂಗ ಇದ್ರಾಗ ಹೇಳೋದು ಕಮ್ಮಿ. ಹಣ್ಣು ಕಾಯಿಪಲ್ಯಾ ಹಸಿದು ಪೂರ್ತಿ ಬಂದ್ ಮಾಡಿದ್ರ ಸೋಂಕು ಕಮ್ಮಿ ಆಗ್ತೈತೇನು ಅಂತ ಪರೀಕ್ಷೆ ಮಾಡಿ ನೋಡ್ಯಾರ, ಅಂಥಾ ದೊಡ್ಡ ಫರಕ್ ಕಂಡಿಲ್ಲ. ಸ್ವಚ್ಛ ಮಾಡೋದು, ಬಿಸಿ ಉಣ್ಣೋದು ಮುಖ್ಯ. ಹೆಂಚಿನ ಮ್ಯಾಲಿನ ಬಿಸಿ ಜ್ವಾಳದ ರೊಟ್ಟಿ, ಕುದ್ದ ಬ್ಯಾಳಿ, ಪಲ್ಯಾ, ಸಿಪ್ಪಿ ಸುಲಿದು ತಿನ್ನೋ ಬಾಳಿಹಣ್ಣು, ಮೂಸಂಬಿ ಚಲೋ. ಬಂಡಿ ಮ್ಯಾಲಿನ ಮಂಡಾಳ, ಹೆಚ್ಚಿಟ್ಟ ಉಳ್ಳಾಗಡ್ಡಿ, ಐಸ್ ಹಾಕಿದ ಕಬ್ಬಿನ ಹಾಲು ಬ್ಯಾಡ. ಮೊಸರು ನಿಮ್ಮ ವಾರ್ಡಿನ್ಯಾಗ ಕೇಳಿ ಉಣ್ರಿ, ಒಂದೊಂದು ಕಡಿ ಒಂದೊಂದು ಪದ್ಧತಿ. ನೀರು ಕುದಿಸಿ ಆರಿಸಿ ಮುಚ್ಚಿಡ್ರಿ, ಫಿಲ್ಟರ್ ಘಟಕದಿಂದ ತಂದ ಕ್ಯಾನ್ ನೀರಾದ್ರೂ ಕುದಸ್ರಿ, ನೀರು ಚಲೋ ಇದ್ರೂ ಕ್ಯಾನ್ ಯಾವಾಗ ತೊಳದಾರ ಅಂತ ಯಾರಿಗೆ ಗೊತ್ತು.

ಪ್ರಶ್ನಿ ಕೇಳ್ಯಾರ, ಒಂದೊಂದು ಹೇಳ್ತೀನಿ. ಏರ್ ಕೂಲರ್ ಹಾಕಬಹುದೇನು ಅಂತ. ನಮ್ಮ ಸೆಕಿಗೆ ಕೂಲರ್ ಇಲ್ಲದ ಇರೋದು ಕಷ್ಟ, ನಂಗೂ ಗೊತ್ತು. ಆದ್ರ ಅದ್ರ ಹಸಿ ಹುಲ್ಲಿನ್ಯಾಗ ಬೂಷ್ಟು ಬೆಳೀತೈತಿ, ನಿಂತ ನೀರಿನ್ಯಾಗ ಕ್ರಿಮಿ, ಸೊಳ್ಳಿ, ಅದನ್ನ ನೇರ ಮಾರಿಗೆ ಊದ್ತೈತಿ. ಕೌಂಟ್ ತಳದಾಗ ಇರೋ ದಿನಗಳಾಗ ಪೇಷಂಟಿನ ಖೋಲ್ಯಾಗ ಬ್ಯಾಡ, ಫ್ಯಾನ್ ಹಾಕ್ರಿ, ಕಿಟಕಿಗೆ ದಪ್ಪ ಪರದೆ ಕಟ್ರಿ, ರಾತ್ರಿ ಸೊಳ್ಳಿ ಪರದೆ.

ಪೋಲಿಯೋ ಹನಿ ಬಗ್ಗೆ ಒಬ್ರು ಆಶಾ ಅಕ್ಕ ಕೇಳ್ಯಾರ, ಚಲೋ ಪ್ರಶ್ನಿ. ಬಾಯಿಗೆ ಹಾಕೋ ಹನ್ಯಾಗ ಜೀವ ಇರೋ ವೈರಸ್ ಇರ್ತೈತಿ, ಪೇಷಂಟಿಗೆ ಹಾಕಬಾರ್ದು, ಅದ ಮನ್ಯಾಗಿನ ತಮ್ಮ ತಂಗಿಗೂ ಹಾಕಬಾರ್ದು, ಸಂಡಾಸದಾಗ ಹೊರಗ ಬಂದು ಪೇಷಂಟಿಗೆ ಹತ್ತಬಹುದು. ಅವ್ರಿಗೆ ಪೋಲಿಯೋ ಸೂಜಿ ಐತಿ. ಪಲ್ಸ್ ಪೋಲಿಯೋ ಭಾನುವಾರ ಆ ಮನಿ ಮುಂದ ಹೋದಾಗ ಇದನ್ನ ನೆನಪಿಡ್ರಿ. ಮನ್ಯಾಗಿನ ಉಳದೋರು ಫ್ಲೂ ಸೂಜಿ ಹಾಕ್ಸಿಕೊಂಡ್ರ ಚಲೋ.

ಕೌಂಟ್ ಏರಿಸೋ ಸೂಜಿ ಹಾಕ್ಸಿದ್ರ ಸಾಕಲ್ಲ ಅಂತ ಒಬ್ರು. ಅದು ಫಿಲ್‌ಗ್ರಾಸ್ಟಿಮ್, ಕೆಲವ್ರಿಗೆ ಕೊಡ್ತಾರ, ಕೌಂಟ್ ಇಲ್ಲದ ದಿನ ಸ್ವಲ್ಪ ಕಮ್ಮಿ ಆಗ್ತಾವ, ಪೂರ್ತಿ ತಪ್ಪಂಗಿಲ್ಲ, ಎಲ್ಲಾ ಬ್ಲಡ್ ಕ್ಯಾನ್ಸರಿಗೂ ಎಲ್ಲಾ ಹೊತ್ತಿನ್ಯಾಗೂ ಕೊಡಂಗಿಲ್ಲ. ಆ ಸೂಜಿ ಹಾಕ್ಸಿದ ಮ್ಯಾಲೂ ಜ್ವರ ಬಂದ್ರ ಜ್ವರನ. ಪಪ್ಪಾಯಿ ಎಲಿ ರಸ ಕುಡಿಸಿ ನ್ಯೂಟ್ರೋಫಿಲ್ ಏರಂಗಿಲ್ಲ, ಹಸಿ ರಸ ಕುಡದು ಹೊಟ್ಟಿ ಕೆಡ್ತೈತಿ ಅಷ್ಟ.

ಸಾಲಿಗೆ ಯಾವಾಗ ಕಳಿಸ್ಬೇಕು? ಎಎಲ್‌ಎಲ್ ಮಕ್ಕಳಿಗೆ ಗಟ್ಟಿ ಕೀಮೋ ಮುಗದು ಗುಳಿಗಿ ಮ್ಯಾಲೆ ನಡಿಯೋ ಕಾಲ ಎರಡು ವರ್ಷದ ಹತ್ರ ಇರ್ತೈತಿ, ಆ ಹೊತ್ತಿನ್ಯಾಗ ಕೌಂಟ್ ಚಲೋ ಇದ್ರ ಡಾಕ್ಟ್ರ ಕೇಳಿ ಕಳಸ್ರಿ, ಮನ್ಯಾಗ ಕೂಡ್ಸಿ ಹುಡುಗನ ವರ್ಷ ಹಾಳು ಮಾಡಬ್ಯಾಡ್ರಿ. ಮಾಸ್ತರಿಗೆ, ಟೀಚರಿಗೆ ಎದುರು ಕುಂತು ಹೇಳ್ರಿ, ಕ್ಲಾಸಿನ್ಯಾಗ ಯಾರಿಗಾದ್ರೂ ಅಮ್ಮ, ದಡಾರ ಬಂದ್ರ ಅವತ್ತ ಫೋನ್ ಮಾಡ್ರಿ ಅಂತ, ಹುಡುಗಗ ಮೈ ಬಿಸಿ ಅನಿಸಿದ್ರ ಸಾಲಿ ಬಿಡೋ ತನಕ ಕೂಡ್ಸಬ್ಯಾಡ್ರಿ ಅಂತ. ಬಿಸಿಯೂಟ ಉಣ್ಣಬಹುದೇನು ಅಂತ ಕೇಳ್ಯಾರ. ಕೈ ತೊಳ್ಕೊಂಡು, ಬಿಸಿ ಇದ್ದಾಗ ಮೊದಲ್ನೇ ಪಾಳೇದಾಗ ಉಣ್ಲಿ, ಅಡ್ಡಿ ಇಲ್ಲ, ಮೊಟ್ಟಿ ಮಾತ್ರ ಪೂರ್ತಿ ಕುದ್ದಿರ್ಲಿ.